ಯಾರು ಬರೆದರು, ಏನು ಕಂಡು ಬರೆದರು

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಒಂದೇ ದಿನ ಎರಡು ಆದೇಶಗಳಿಗೆ ಸಹಿ ಹಾಕಿದರು. ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗೆ ಕಂಪನಿ 1,00,000 ಡಾಲರ್ ಕಟ್ಟಬೇಕು ಎಂದಿತು ಒಂದು. 10 ಲಕ್ಷ ಡಾಲರ್ ಕೊಡಬಲ್ಲವರಿಗೆ 'ಗೋಲ್ಡ್ ಕಾರ್ಡ್' ಎಂಬ ಕಾಯಂ ವಾಸದ ದಾರಿಯನ್ನು ತೆರೆಯಿತು ಇನ್ನೊಂದು. ಬೆಂಗಳೂರಿನ ಕೆ.ಆರ್. ಪುರದಿಂದ ಮಾರತಹಳ್ಳಿಯವರೆಗಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ, ಇಂದಿರಾನಗರದ ಕಾಫಿ ಅಂಗಡಿಗಳಲ್ಲಿ ಈಗ ಮಾತು ತಿರುಗುತ್ತಿರುವುದು ಮೂರನೆಯ ದಾರಿಯ ಕಡೆಗೆ. ಕಂಪನಿಯ ಹಂಗಿಲ್ಲದೆ, ಕೋಟಿಗಟ್ಟಲೆ ಹಣವೂ ಇಲ್ಲದೆ, ತನ್ನ ಕೆಲಸವನ್ನೇ ಮುಂದಿಟ್ಟು ತಾನೇ ಹಾಕಿಕೊಳ್ಳುವ ಗ್ರೀನ್ ಕಾರ್ಡ್ ಅರ್ಜಿ ಅದು. ಆ ಅರ್ಜಿಯ ಕಡತದಲ್ಲಿ ಅತಿ ಹೆಚ್ಚು ಓಡಾಟ, ಮುಜುಗರ ಮತ್ತು ಈಚೆಗೆ ವ್ಯಾಪಾರವನ್ನೂ ಹುಟ್ಟಿಸಿರುವ ಕಾಗದವೆಂದರೆ ಶಿಫಾರಸು ಪತ್ರ.

ದಾರಿ ಹೊಸದಲ್ಲ. 1990ರ ವಲಸೆ ಕಾಯ್ದೆಯೇ ಇದನ್ನು ಹಾಕಿಕೊಟ್ಟಿದೆ. 'ಅಸಾಧಾರಣ ಸಾಮರ್ಥ್ಯ'ದ ಇಬಿ-1ಎ ಒಂದು ಕವಲು. ಉನ್ನತ ಪದವೀಧರರ ಇಬಿ-2 ವರ್ಗದಲ್ಲಿ 'ರಾಷ್ಟ್ರಹಿತದ ವಿನಾಯಿತಿ', ಅಂದರೆ ಎಲ್ಲರೂ ಎನ್‌ಐಡಬ್ಲ್ಯೂ ಎಂದು ಕರೆಯುವುದು, ಇನ್ನೊಂದು ಕವಲು. ಎರಡರಲ್ಲೂ ಉದ್ಯೋಗದಾತ ಬೇಕಿಲ್ಲ. ಐ-140 ಎಂಬ ಅರ್ಜಿಗೆ ಅಭ್ಯರ್ಥಿಯೇ ಸಹಿ ಹಾಕಬಹುದು. ಹಾಕುವಾಗ ಆತ ಅಮೆರಿಕದಲ್ಲಿ ಇರಬೇಕೆಂದೂ ಇಲ್ಲ. ಹಲಸೂರಿನ ಬಾಡಿಗೆ ಮನೆಯಲ್ಲಿ ಕುಳಿತು ಕಳುಹಿಸಿದರೂ ನಡೆಯುತ್ತದೆ. ಹೆಚ್ಚುವರಿ ಶುಲ್ಕ ಕಟ್ಟಿದರೆ ಇಬಿ-1ಎ ಅರ್ಜಿಯ ಮೇಲೆ 15 ಕೆಲಸದ ದಿನಗಳಲ್ಲಿ, ಎನ್‌ಐಡಬ್ಲ್ಯೂ ಮೇಲೆ 45 ಕೆಲಸದ ದಿನಗಳಲ್ಲಿ ಅಮೆರಿಕದ ವಲಸೆ ಇಲಾಖೆ ಏನಾದರೊಂದು ಕ್ರಮ ಕೈಗೊಳ್ಳಬೇಕು.

ಅರ್ಜಿ ಮಂಜೂರಾದ ಮಾತ್ರಕ್ಕೆ ಕಾರ್ಡ್ ಕೈಗೆ ಬರುವುದಿಲ್ಲ ಎಂಬುದು ಭಾರತೀಯರ ಪಾಲಿನ ಕಹಿ. ಉದ್ಯೋಗ ಆಧಾರಿತ ವೀಸಾ ವರ್ಷಕ್ಕೆ ಸುಮಾರು 1,40,000. ಯಾವುದೇ ಒಂದು ದೇಶದವರಿಗೆ ಶೇ 7ರ ಮಿತಿ. ಯಾರ ಸರದಿ ಬಂದಿದೆ ಎಂದು ತಿಳಿಸುವ 2025ರ ಮೇ ತಿಂಗಳ ವೀಸಾ ಬುಲೆಟಿನ್‌ನಲ್ಲಿ ಭಾರತದ ಇಬಿ-2 ಸರದಿ 2013ರ ಜನವರಿಯಲ್ಲಿ ನಿಂತಿತ್ತು, ಇಬಿ-1 ಸರದಿ 2022ರ ಫೆಬ್ರವರಿಯಲ್ಲಿ. ಒಂದರಲ್ಲಿ ಹನ್ನೆರಡು ವರ್ಷಗಳ ಕಾಯುವಿಕೆ, ಇನ್ನೊಂದರಲ್ಲಿ ಮೂರು. ಬೆಂಗಳೂರಿನ ಎಂಜಿನಿಯರುಗಳು ಎನ್‌ಐಡಬ್ಲ್ಯೂ ಬಿಟ್ಟು ಹೆಚ್ಚು ಕಠಿಣವಾದ ಇಬಿ-1ಎ ಕಡೆಗೆ ಯಾಕೆ ವಾಲುತ್ತಾರೆ ಎಂಬುದಕ್ಕೆ ಈ ಎರಡು ದಿನಾಂಕಗಳೇ ಉತ್ತರ. ಹಾಗೆ ವಾಲಿದಾಗ ಪತ್ರಗಳ ಮೇಲಿನ ಭಾರವೂ ಹೆಚ್ಚುತ್ತದೆ.

ಇಬಿ-1ಎ ನಿಯಮದಲ್ಲಿ ಹತ್ತು ಮಾನದಂಡಗಳಿವೆ. ಪ್ರಶಸ್ತಿ, ಆಯ್ದವರಿಗಷ್ಟೇ ಸದಸ್ಯತ್ವ ಕೊಡುವ ಸಂಘ, ಅಭ್ಯರ್ಥಿಯ ಬಗ್ಗೆ ಪತ್ರಿಕೆಗಳಲ್ಲಿ ಬಂದ ಬರಹ, ಇತರರ ಕೆಲಸಕ್ಕೆ ತೀರ್ಪುಗಾರಿಕೆ, ಮಹತ್ವದ ಸ್ವೋಪಜ್ಞ ಕೊಡುಗೆ, ವಿದ್ವತ್ ಲೇಖನ, ಪ್ರದರ್ಶನ, ಹೆಸರಾಂತ ಸಂಸ್ಥೆಯಲ್ಲಿ ನಿರ್ಣಾಯಕ ಪಾತ್ರ, ಹೆಚ್ಚಿನ ಸಂಬಳ, ಕಲೆಯಲ್ಲಿ ವಾಣಿಜ್ಯ ಯಶಸ್ಸು. ನೊಬೆಲ್‌ನಂಥ ಒಂದೇ ದೊಡ್ಡ ಪ್ರಶಸ್ತಿ ಇಲ್ಲದವರು ಇವುಗಳಲ್ಲಿ ಮೂರನ್ನಾದರೂ ತೋರಿಸಬೇಕು. ಈ ಹತ್ತರಲ್ಲಿ ಶಿಫಾರಸು ಪತ್ರ ಎಂಬುದು ಎಲ್ಲೂ ಇಲ್ಲ. ಎಷ್ಟು ಪತ್ರ ಬೇಕು ಎಂಬ ಲೆಕ್ಕವೂ ನಿಯಮದಲ್ಲಿಲ್ಲ. ಐದೋ ಏಳೋ ಎಂಬುದು ವಕೀಲರ ರೂಢಿ. ಕಡತದಲ್ಲಿ ಈಗಾಗಲೇ ಇರುವ ಸಾಕ್ಷ್ಯದ ಅರ್ಥವನ್ನು ಆ ಕ್ಷೇತ್ರ ಬಲ್ಲವರೊಬ್ಬರು ಬಿಡಿಸಿ ಹೇಳುವುದು, ಇಷ್ಟೇ ಪತ್ರದ ಕೆಲಸ. 'ಮಹತ್ವದ ಕೊಡುಗೆ', 'ನಿರ್ಣಾಯಕ ಪಾತ್ರ' ಎಂಬ ಎರಡು ಮಾನದಂಡಗಳಲ್ಲಂತೂ ಆ ಬಿಡಿಸಿ ಹೇಳುವಿಕೆಯಿಲ್ಲದೆ ಅಧಿಕಾರಿಗೆ ಏನೂ ತಿಳಿಯುವುದಿಲ್ಲ.

ಬಿಡಿಸಿ ಹೇಳದ ಪತ್ರದ ಗತಿ ಏನು? ಈ ಕ್ಷೇತ್ರದ ವಕೀಲರೆಲ್ಲ ದಿನವೂ ಹೆಸರೆತ್ತುವ ಪ್ರಕರಣವೊಂದರಲ್ಲಿ ಇದಕ್ಕೆ ಉತ್ತರವಿದೆ. ಪೊಗೋಸ್ ಕಜಾರಿಯನ್ ಆರ್ಮೇನಿಯಾ ಮೂಲದ ಭೌತವಿಜ್ಞಾನಿ. ಅವರ ಕಡತದಲ್ಲಿ ಕ್ಯಾಲ್‌ಟೆಕ್‌ನ ಕಿಪ್ ಥಾರ್ನ್ ಬರೆದ ಪತ್ರವಿತ್ತು. ಮುಂದೆ 2017ರಲ್ಲಿ ಗುರುತ್ವ ಅಲೆಗಳ ಪತ್ತೆಗಾಗಿ ನೊಬೆಲ್ ಪಡೆದ ಥಾರ್ನ್ ಅವರೇ. ಸಂಶೋಧನೆಗೆ ಒತ್ತು ಕೊಡುವ ಒಳ್ಳೆಯ ವಿಶ್ವವಿದ್ಯಾಲಯದ ಯುವ ಪ್ರಾಧ್ಯಾಪಕನಿಂದ ನಿರೀಕ್ಷಿಸಬಹುದಾದ ಮಟ್ಟದ ಕೆಲಸ ಇದು ಎಂದು ಅವರು ಬರೆದಿದ್ದರು. ಪ್ರಾಮಾಣಿಕ ಮಾತು, ಒಳ್ಳೆಯ ಮಾತು. ಆದರೂ ಅರ್ಜಿ ಬಿದ್ದುಹೋಯಿತು. 2010ರಲ್ಲಿ ಒಂಬತ್ತನೆಯ ವೃತ್ತದ ಮೇಲ್ಮನವಿ ನ್ಯಾಯಾಲಯ, ವಲಸೆ ಇಲಾಖೆ ಎರಡು ಮಾನದಂಡಗಳ ವಿಷಯದಲ್ಲಿ ನಿಯಮದಲ್ಲಿಲ್ಲದ ಷರತ್ತು ಹೇರಿದ್ದು ತಪ್ಪು ಎಂದಿತು. ಆದರೆ ಆ ಎರಡನ್ನು ಒಪ್ಪಿದರೂ ಮೂರನೆಯದು ಸಿಗಲಿಲ್ಲ. ಸುತ್ತಮುತ್ತಲಿನ ಸಹೋದ್ಯೋಗಿಗಳಿಂದ ಕೇಳಿ ಪಡೆದ, ಕೊಡುಗೆ ಯಾವುದು, ಅದು ಕ್ಷೇತ್ರವನ್ನು ಹೇಗೆ ಬದಲಿಸಿತು ಎಂದು ಉದಾಹರಣೆ ಕೊಟ್ಟು ಹೇಳದ ಪತ್ರಗಳು ಸಾಲವು ಎಂಬ ನಿಲುವು ಆ ಪ್ರಕರಣದಿಂದ ಗಟ್ಟಿಯಾಯಿತು. ತಜ್ಞರ ಅಭಿಪ್ರಾಯ ಸಲಹೆಯಷ್ಟೇ, ಇಲಾಖೆ ಅದಕ್ಕೆ ಕಟ್ಟುಬೀಳಬೇಕಿಲ್ಲ ಎಂಬುದು 1988ರ ಕ್ಯಾರನ್ ಪ್ರಕರಣದಿಂದಲೇ ನಿಂತ ಮಾತು.

ಎದುರು ಬದಿಯ ಉದಾಹರಣೆ 2016ರ ಡಿಸೆಂಬರ್‌ನ ಧನಸಾರ್ ತೀರ್ಪು. ಇಂದಿನ ಎನ್‌ಐಡಬ್ಲ್ಯೂ ನಿಂತಿರುವುದೇ ಅದರ ಮೇಲೆ. ಅರ್ಜಿದಾರರದು ಶಬ್ದದ ಹಲವು ಪಟ್ಟು ವೇಗದಲ್ಲಿ ಹಾರುವ ವಾಹನಗಳ ನೋದನದ ಸಂಶೋಧನೆ. ಅಲ್ಲಿ ಗೆದ್ದ ಪತ್ರಗಳು ವ್ಯಕ್ತಿಯ ಗುಣಗಾನಕ್ಕೆ ನಿಲ್ಲಲಿಲ್ಲ. ಆ ಸಂಶೋಧನೆ ಅಮೆರಿಕಕ್ಕೆ ಯಾಕೆ ಬೇಕು, ಅರ್ಜಿದಾರರ ಪಾಲು ಅದರಲ್ಲಿ ಯಾವುದು, ಸರ್ಕಾರಿ ಯೋಜನೆಗಳಲ್ಲಿ ಅದು ಎಲ್ಲಿ ಬಳಕೆಯಾಗುತ್ತಿದೆ ಎಂದು ವಿಶ್ವವಿದ್ಯಾಲಯ, ಸರ್ಕಾರ, ಉದ್ಯಮ ಮೂರೂ ಕಡೆಯ ಹಿರಿಯರು ವಿವರಿಸಿದ್ದರು.

ಈ ವ್ಯತ್ಯಾಸ ನಮ್ಮವರ ಮನಸ್ಸಿಗೆ ಇಳಿಯುವುದು ಸುಲಭವಲ್ಲ. ಶಿಫಾರಸು ಎಂದರೆ ನಮ್ಮ ಅನುಭವದಲ್ಲಿ ಬಲವುಳ್ಳವರ ಒಂದು ಮಾತು. ತಿರುಪತಿ ದರ್ಶನಕ್ಕೆ ಶಾಸಕರ ಪತ್ರ, ಶಾಲೆಯ ಸೀಟಿಗೆ ಮಂತ್ರಿಗಳ ಪತ್ರ, ವರ್ಗಾವಣೆಗೆ ಇನ್ನಾರದೋ ಪತ್ರ. ಅಲ್ಲೆಲ್ಲ ಸಹಿಯ ತೂಕವೇ ಕೆಲಸ ಮಾಡುತ್ತದೆ. ಒಳಗಿನ ಒಕ್ಕಣೆ ಎರಡು ಸಾಲಿದ್ದರೂ ಸಾಕು. ಅದೇ ಅಭ್ಯಾಸದಿಂದ ಅಭ್ಯರ್ಥಿಗಳು ದೊಡ್ಡ ಹುದ್ದೆಯವರ ಹಿಂದೆ ಅಲೆಯುತ್ತಾರೆ. ಆದರೆ ಈ ಕಡತದಲ್ಲಿ, ಕೆಲಸ ಕಂಡಿರದ ಉಪಾಧ್ಯಕ್ಷರ ಪತ್ರಕ್ಕಿಂತ, ಕೆಲಸವನ್ನು ದಿನವೂ ಬಳಸಿದ ಮಧ್ಯಮ ದರ್ಜೆಯ ಎಂಜಿನಿಯರ್ ಬರೆದ ಮೂರು ಪುಟ ಹೆಚ್ಚು ಬಾಳುತ್ತದೆ.

ಬೆಂಗಳೂರಿನ ಪೂರ್ವ ಭಾಗದಲ್ಲಿ ಶಿಫಾರಸು ಪತ್ರದ ಚರಿತ್ರೆ ಹಳೆಯದು. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಯೂರಿದ ಮೇಲೆ ಬಂಗಲೆಗಳ ಬಟ್ಲರ್, ಆಯಾ, ಕುದುರೆ ಸಾಕುವವರು ಹಿಂದಿನ ದೊರೆ ಬರೆದುಕೊಟ್ಟ ಚೀಟಿಯನ್ನು ಜೋಪಾನವಾಗಿಟ್ಟು ಮುಂದಿನ ದೊರೆಗೆ ತೋರಿಸಿ ಕೆಲಸ ಹಿಡಿಯುತ್ತಿದ್ದರು. ಬರೆದಾತ ಊರು ಬಿಟ್ಟು ಹೋಗಿರುತ್ತಿದ್ದ. ಚೀಟಿಯಲ್ಲಿದ್ದದ್ದೇ ಬದುಕಿನ ಆಧಾರ.

ಇದೇ ಊರು ಪರದೇಶದ ವಿದ್ವಾಂಸನೊಬ್ಬನ ವಿಷಯದಲ್ಲಿ ತೀರ್ಪು ಕೊಡುವ ಸ್ಥಾನದಲ್ಲೂ ಇತ್ತು. ನಾಜಿ ಜರ್ಮನಿಯಿಂದ ಹೊರಬಿದ್ದ ಮ್ಯಾಕ್ಸ್ ಬಾರ್ನ್ 1935–36ರಲ್ಲಿ ಕೆಲವು ತಿಂಗಳು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರನ್ನು ಕಾಯಂ ಆಗಿ ಇಲ್ಲೇ ಉಳಿಸಿಕೊಳ್ಳಲು ಹೊರಟರು. ಪ್ರಾಧ್ಯಾಪಕರ ಸಭೆಯಲ್ಲಿ ಆಸ್ಟನ್ ಎಂಬ ಆಂಗ್ಲ ಪ್ರಾಧ್ಯಾಪಕರು ಎದ್ದು, ಸ್ವದೇಶದಿಂದ ಅಟ್ಟಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮಗೆ ಬೇಕಿಲ್ಲ ಎಂಬರ್ಥದ ಮಾತಾಡಿದರೆಂದು ಬಾರ್ನ್ ತಮ್ಮ ಆತ್ಮಕಥೆಯಲ್ಲಿ ನೋವಿನಿಂದ ದಾಖಲಿಸಿದ್ದಾರೆ. ನೊಬೆಲ್ ವಿಜೇತ ರಾಮನ್ ಅವರ ಬೆಂಬಲವೂ ನಡೆಯಲಿಲ್ಲ. ಬಾರ್ನ್ 1936ರಲ್ಲಿ ಎಡಿನ್‌ಬರೋ ಸೇರಿದರು. 1954ರಲ್ಲಿ ನೊಬೆಲ್ ಅವರಿಗೂ ಬಂತು. ಅವರ ಮಾತಿನ ಮೂಲಕ ಮೈಸೂರು ಸಂಸ್ಥಾನಕ್ಕೆ ಬಂದ ಸೋದರಳಿಯ, ವಾಸ್ತುಶಿಲ್ಪಿ ಒಟ್ಟೊ ಕೊನಿಗ್ಸ್‌ಬರ್ಗರ್ ಮಾತ್ರ ಇಲ್ಲಿ ನೆಲೆ ಕಂಡರು. ದಿವಾನ್ ಮಿರ್ಜಾ ಇಸ್ಮಾಯಿಲ್ 1939ರಲ್ಲಿ ಅವರಿಗೆ ಕೆಲಸ ಕೊಟ್ಟರು. ಮುಂದೆ ಭುವನೇಶ್ವರದ ನಗರ ಯೋಜನೆ ರೂಪಿಸಿದ್ದು ಅದೇ ಕೈ. ಒಂದೇ ಕುಟುಂಬದಲ್ಲಿ ಒಂದು ಶಿಫಾರಸು ಸೋತಿತು, ಒಂದು ಗೆದ್ದಿತು. ಸೋತಾಗ ಈ ನಾಡು ಕಳೆದುಕೊಂಡದ್ದು ಸಣ್ಣದಲ್ಲ.

ಹೇಗೆ ಬರೆಯಬೇಕು ಎಂಬುದಕ್ಕೂ ದೂರ ಹುಡುಕಬೇಕಿಲ್ಲ. 1913ರ ಫೆಬ್ರವರಿಯಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಮದರಾಸಿಗೆ ಬಂದಾಗ ಬಂದರು ಕಚೇರಿಯ ಗುಮಾಸ್ತನೊಬ್ಬನ ಗಣಿತದ ಕೆಲಸವನ್ನು ಅವರಿಗೆ ತೋರಿಸಲಾಯಿತು. ಗುಮಾಸ್ತ ಶ್ರೀನಿವಾಸ ರಾಮಾನುಜನ್. ವಾಕರ್ ಮದರಾಸು ವಿಶ್ವವಿದ್ಯಾಲಯಕ್ಕೆ ಬರೆದ ಪತ್ರ ಇಂದಿಗೂ ಮಾದರಿ. ಸ್ವಂತಿಕೆಯಲ್ಲಿ ಇದು ಕೇಂಬ್ರಿಜ್ ಕಾಲೇಜೊಂದರ ಗಣಿತದ ಫೆಲೋನ ಕೆಲಸಕ್ಕೆ ಸಮ ಎಂದರು. ಪೂರ್ಣ ಸಾಧನೆ, ನಿಖರತೆ ಇನ್ನೂ ಬೇಕು ಎಂದೂ ಹೇಳಿದರು. ಈ ಗಣಿತಶಾಖೆಯಲ್ಲಿ ತಾವು ತಜ್ಞರಲ್ಲ ಎಂದು ತಮ್ಮ ಮಿತಿಯನ್ನು ಒಪ್ಪಿಕೊಂಡರು. ಆಮೇಲೆ, ಹೊಟ್ಟೆಪಾಡಿನ ಚಿಂತೆಯಿಲ್ಲದೆ ಕೆಲವು ವರ್ಷ ಗಣಿತದಲ್ಲೇ ಇರಲು ಈತನಿಗೆ ಅನುಕೂಲ ಮಾಡಿಕೊಡಬೇಕು ಎಂದು ಸ್ಪಷ್ಟವಾಗಿ ಕೇಳಿದರು. ತಿಂಗಳಿಗೆ 75 ರೂಪಾಯಿಯ ವಿದ್ಯಾರ್ಥಿವೇತನ ಸಿಕ್ಕಿತು. ವಾಕರ್‌ಗೆ ರಾಮಾನುಜನ್ ಗೆಳೆಯನಲ್ಲ, ಶಿಷ್ಯನಲ್ಲ, ಕೈಕೆಳಗಿನವನೂ ಅಲ್ಲ. ಇಂದಿನ ವಕೀಲರು 'ಇಂಡಿಪೆಂಡೆಂಟ್ ರೆಕಮೆಂಡರ್' ಎಂದು ಹುಡುಕುವುದು ಇಂಥವರನ್ನೇ.

ಈಗಿನ ಬೆಂಗಳೂರಿನ ತೊಂದರೆ ಬೇರೆಯದು. ಇಲ್ಲಿನ ದೊಡ್ಡ ಕೆಲಸಗಳಲ್ಲಿ ಬಹುಪಾಲು ಹೆಸರಿಲ್ಲದವು. ಆಧಾರ್‌ನ ತಂತ್ರಜ್ಞಾನ ಕೇಂದ್ರ ಇದೇ ಊರಿನದು. ಅದನ್ನು ಕಟ್ಟಿದ ಎಂಜಿನಿಯರುಗಳಲ್ಲಿ ಎಷ್ಟು ಜನರ ಹೆಸರು ಒಂದು ಪ್ರಬಂಧದ ಮೇಲಾದರೂ ಇದೆ? ಸಿ.ವಿ. ರಾಮನ್ ನಗರದ ರಕ್ಷಣಾ ಪ್ರಯೋಗಾಲಯಗಳಲ್ಲಿ ರೇಡಾರ್ ಮೇಲೆ, ಜೆಟ್ ಎಂಜಿನ್ ಮೇಲೆ ಕೆಲಸ ಮಾಡಿದವರನ್ನು 1923ರ ಅಧಿಕೃತ ರಹಸ್ಯ ಕಾಯ್ದೆ ಕಟ್ಟಿಹಾಕುತ್ತದೆ. ವೈಟ್‌ಫೀಲ್ಡ್‌ನ ಬಹುರಾಷ್ಟ್ರೀಯ ಕಂಪನಿಗಳ ಕೇಂದ್ರಗಳಲ್ಲಿ ಬರೆದ ಕೋಡ್ ಕಂಪನಿಯ ಗುಟ್ಟು. ಪ್ರಾಧ್ಯಾಪಕನಿಗೆ ಲೇಖನಗಳೂ ಉಲ್ಲೇಖಗಳೂ ಇರುತ್ತವೆ, ಇವರಿಗೆ ಇರುವುದಿಲ್ಲ. ಅದಕ್ಕೇ ಇವರ ಪಾಲಿಗೆ ಪತ್ರವೇ ದೊಡ್ಡ ಸಾಕ್ಷ್ಯ.

ಆ ಪತ್ರ ಸಿಗುವುದೇ ಕಷ್ಟ. ಹಲವು ಕಂಪನಿಗಳ ಎಚ್‌ಆರ್ ವಿಭಾಗ ಕೊಡುವುದು ರಿಲೀವಿಂಗ್ ಲೆಟರ್ ಮಾತ್ರ: ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು. ಲೆಟರ್‌ಹೆಡ್‌ನಲ್ಲಿ ಏನನ್ನೂ ಬರೆಯಕೂಡದು ಎಂದು ಮ್ಯಾನೇಜರುಗಳಿಗೆ ಕಾನೂನು ವಿಭಾಗದ ಕಟ್ಟಪ್ಪಣೆ. ಹಾಗಾಗಿ ಜನ ಕಂಪನಿ ಬಿಟ್ಟು ಹೋದ ಹಳೆಯ ಮ್ಯಾನೇಜರನ್ನು ಹುಡುಕಿಕೊಂಡು, ಅವರ ವೈಯಕ್ತಿಕ ನೆಲೆಯಲ್ಲಿ ಬರೆಸುತ್ತಾರೆ. ಕಂಪನಿಯೇ ಮುಚ್ಚಿದ್ದರೆ ಜೊತೆಯಲ್ಲಿದ್ದವರ ಅಫಿಡವಿಟ್. ಮೇಯೋ ಹಾಲ್ ನ್ಯಾಯಾಲಯದ ಆಸುಪಾಸಿಗೆ ಹೋಗಿ ಸ್ಟಾಂಪ್ ಪೇಪರ್ ಕೊಂಡು ನೋಟರಿ ಮುದ್ರೆ ಹಾಕಿಸಿಕೊಳ್ಳುವುದು ಇಲ್ಲಿಯವರ ರೂಢಿ. ಶಿಫಾರಸು ಪತ್ರಕ್ಕೆ ನೋಟರಿ ಬೇಕೆಂದು ನಿಯಮದಲ್ಲಿಲ್ಲ. ಬರೆದವರ ಸಹಿ, ದಿನಾಂಕ, ಅವರು ಯಾರೆಂಬ ವಿವರ ಸಾಕು. ಮುದ್ರೆ ಬಿದ್ದರೆ ಒಳಗಿನ ಬರಹ ಗಟ್ಟಿಯಾಗುವುದಿಲ್ಲ.

ಇನ್ನೊಂದು ತೊಡಕು ಬರವಣಿಗೆಯದು. ಇಲ್ಲಿಯ ತಂಡಗಳ ಭಾಷೆ 'ನಾವು ಮಾಡಿದೆವು' ಎಂಬುದು. ಪತ್ರಕ್ಕೆ ಬೇಕಾದದ್ದು ಈ ಒಬ್ಬರು ಏನು ಮಾಡಿದರು ಎಂಬುದು. 'ಪ್ರತಿಭಾವಂತ, ಶ್ರಮಜೀವಿ, ನಮ್ಮ ಸಂಸ್ಥೆಯ ಆಸ್ತಿ' ಎಂಬ ಸಾಲಿನಿಂದ ಅಧಿಕಾರಿಗೆ ತಿಳಿಯುವುದು ಏನೂ ಇಲ್ಲ. ಪಾವತಿ ವ್ಯವಸ್ಥೆಯಲ್ಲಿ ಒಂದೇ ಮೊತ್ತ ಎರಡು ಸಲ ಕಡಿತವಾಗುತ್ತಿದ್ದ ದೋಷ ಎಲ್ಲಿತ್ತು, ಅದನ್ನು ತಡೆಯುವ ವಿಧಾನವನ್ನು ಈಕೆ ಯಾವ ವರ್ಷ ರೂಪಿಸಿದರು, ಆಮೇಲೆ ಬೇರೆ ಯಾವ ಸಂಸ್ಥೆಗಳು ಅದನ್ನು ತಮ್ಮದಾಗಿಸಿಕೊಂಡವು, ಅದಕ್ಕೆ ಕಡತದ ಯಾವ ದಾಖಲೆ ಆಧಾರ ಎಂದು ಬರೆದರೆ ಅದು ಸಾಕ್ಷ್ಯ. ಕಂಪನಿಯ ಗುಟ್ಟು ಬಿಡದೆಯೂ ಇಷ್ಟನ್ನು ಹೇಳಬಹುದು. ಕೊನೆಯ ತುಂಡು, ಅಂದರೆ ಕಂಪನಿಯ ಗೋಡೆಯಾಚೆ ಆ ಕೆಲಸ ಏನು ಮಾಡಿತು ಎಂಬುದು ಬಹಳ ಪತ್ರಗಳಲ್ಲಿ ಇರುವುದೇ ಇಲ್ಲ. 'ಆರ್‌ಎಫ್‌ಇ', ಅಂದರೆ ಹೆಚ್ಚಿನ ಸಾಕ್ಷ್ಯ ಕೇಳಿ ಬರುವ ನೋಟಿಸು, ಹೆಚ್ಚಾಗಿ ಕೆದಕುವುದೂ ಅಲ್ಲೇ.

ಈ ಕಷ್ಟದ ಮೇಲೆಯೇ ವ್ಯಾಪಾರ ಬೆಳೆದಿದೆ. 'ಪ್ರೊಫೈಲ್ ಬಿಲ್ಡಿಂಗ್' ಎಂಬ ಹೆಸರಿನಲ್ಲಿ ದುಡ್ಡಿಗೆ ಪ್ರಶಸ್ತಿ, ದುಡ್ಡಿಗೆ ಸದಸ್ಯತ್ವ, ದುಡ್ಡಿಗೆ ಪತ್ರಿಕಾ ಬರಹ, ಕೊನೆಗೆ ಅಭ್ಯರ್ಥಿಯನ್ನು ಕಂಡೇ ಇರದ 'ತಜ್ಞ'ರ ಸಹಿಯುಳ್ಳ ಪತ್ರ. ಇದು ಶುದ್ಧ ಮೋಸ. ಐ-140ಕ್ಕೆ ಸಹಿ ಹಾಕುವವರು ಸುಳ್ಳು ಸಾಕ್ಷ್ಯಕ್ಕೆ ಶಿಕ್ಷೆಯುಂಟೆಂದು ತಿಳಿದೇ ಹಾಕುತ್ತಾರೆ. ವಲಸೆಯ ಲಾಭಕ್ಕಾಗಿ ಮಹತ್ವದ ಸಂಗತಿಯಲ್ಲಿ ಸುಳ್ಳು ಹೇಳಿದ್ದು ಸಾಬೀತಾದರೆ ಆ ದೇಶದ ಬಾಗಿಲು ಜೀವಮಾನಕ್ಕೆ ಮುಚ್ಚಬಹುದು. ಸಲಹೆಗಾರ ಕಳೆದುಕೊಳ್ಳುವುದು ಒಬ್ಬ ಗಿರಾಕಿಯನ್ನು. ಅಭ್ಯರ್ಥಿ ಕಳೆದುಕೊಳ್ಳುವುದು ಬದುಕಿನ ಯೋಜನೆಯನ್ನೇ. ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಬೇರೆ ಬೇರೆಯವರು ಸಹಿ ಹಾಕಿದ ಪತ್ರಗಳಲ್ಲಿ ಒಂದೇ ಒಕ್ಕಣೆ ಕಂಡಾಗ ಇಲಾಖೆ ಎಲ್ಲವಕ್ಕೂ ತೂಕ ಕಡಿಮೆ ಮಾಡುತ್ತದೆ. ಬೆಂಗಳೂರಿನಿಂದ ಬಂದ ಕಡತ ಎಂದಾಕ್ಷಣ ಅನುಮಾನ ಹುಟ್ಟುವ ಹಾಗಾದರೆ ನಿಜವಾಗಿ ಕೆಲಸ ಮಾಡಿದವರು ಅದರ ಬೆಲೆ ತೆರುತ್ತಾರೆ.

ಅಭ್ಯರ್ಥಿಯೇ ಕರಡು ಬರೆದು, ಹಿರಿಯರು ಸಹಿ ಹಾಕುವ ಪದ್ಧತಿ ಈ ಮೋಸದಷ್ಟು ಕೆಟ್ಟದ್ದಲ್ಲ, ಆದರೆ ಅಪಾಯದ್ದು. ಹಿರಿಯರಿಗೆ ಬಿಡುವಿಲ್ಲ, ಅಮೆರಿಕದ ನಿಯಮ ಗೊತ್ತಿಲ್ಲ. ಸಂಗತಿಗಳ ಪಟ್ಟಿ, ದಿನಾಂಕ, ದಾಖಲೆಗಳ ಪ್ರತಿ ಕೊಟ್ಟು ನೆರವಾಗುವುದು ಸರಿ. ವಾಕ್ಯಗಳನ್ನು ಸಹಿ ಹಾಕುವವರೇ ಬರೆಯಬೇಕು. ರೇಡಾರ್ ತಜ್ಞರ ಪತ್ರವೂ ಬ್ಯಾಂಕ್ ಅಧಿಕಾರಿಯ ಪತ್ರವೂ ಒಂದೇ ಏರುದನಿಯಲ್ಲಿದ್ದರೆ ಓದುವವರಿಗೆ ತಿಳಿಯದೆ ಇರುತ್ತದೆಯೇ? ತಾವೇ ಬರೆದುಕೊಡುವ ಎಐ ಯಂತ್ರಗಳು ಕೈಗೆ ಸಿಕ್ಕ ಮೇಲಂತೂ ಈ ಏಕತಾನ ಇನ್ನಷ್ಟು ಹೆಚ್ಚಿದೆ.

ಬೇರೆ ದೇಶಗಳೂ ಪತ್ರ ಕೇಳುತ್ತವೆ. ಬ್ರಿಟನ್ 2020ರ ಫೆಬ್ರವರಿಯಲ್ಲಿ ತೆರೆದ ಗ್ಲೋಬಲ್ ಟ್ಯಾಲೆಂಟ್ ವೀಸಾದ ಡಿಜಿಟಲ್ ತಂತ್ರಜ್ಞಾನ ವಿಭಾಗಕ್ಕೆ ಕ್ಷೇತ್ರದ ಹೆಸರಾಂತರಿಂದ ಮೂರು ಪತ್ರ ಬೇಕು. ಆಸ್ಟ್ರೇಲಿಯಾ 2024ರ ಡಿಸೆಂಬರ್‌ನಲ್ಲಿ ಜಾರಿಗೆ ತಂದ ನ್ಯಾಷನಲ್ ಇನ್ನೊವೇಶನ್ ವೀಸಾದಲ್ಲಿ ಅದೇ ಕ್ಷೇತ್ರದಲ್ಲಿ ರಾಷ್ಟ್ರಮಟ್ಟದ ಹೆಸರಿರುವ ನಾಮನಿರ್ದೇಶಕರೊಬ್ಬರು ಬೇಕು. ಸಂಖ್ಯೆ ನಿಗದಿಯಾಗಿರುವುದು ಅಭ್ಯರ್ಥಿಗೆ ಒಂದು ರೀತಿಯ ನೆಮ್ಮದಿ. ಅಮೆರಿಕದ ಕಡತದಂತೆ ಹದಿನೈದು ಪತ್ರ ತುರುಕುವ ಆತುರ ಅಲ್ಲಿಲ್ಲ.

ಕನ್ನಡದ ಸಾಕ್ಷ್ಯಕ್ಕೂ ಈ ಕಡತದಲ್ಲಿ ಜಾಗವಿದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಯಾವ ಭಾಷೆಯ ದಾಖಲೆಯನ್ನಾದರೂ ಸಲ್ಲಿಸಬಹುದು. ಪೂರ್ಣ ಇಂಗ್ಲಿಷ್ ಅನುವಾದ ಇರಬೇಕು. ಅದು ಸಂಪೂರ್ಣ ಮತ್ತು ನಿಖರ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕ ದೃಢೀಕರಿಸಿ ಸಹಿ ಹಾಕಬೇಕು. 'ಪ್ರಜಾವಾಣಿ'ಯಲ್ಲಿ ಬಂದ ಲೇಖನ, ಸರ್ಕಾರದ ಕನ್ನಡ ಆದೇಶ ಎರಡೂ ಸಲ್ಲುತ್ತವೆ. ಕೆ.ಆರ್. ಪುರದಲ್ಲಿ ಕುಳಿತು ನೀರಾವರಿ ಉಪಕರಣ ರೂಪಿಸಿದ ಎಂಜಿನಿಯರ್‌ಗೆ, ಹಳೆ ಮದರಾಸು ರಸ್ತೆಯಲ್ಲೇ ಮುಂದೆ ಸಿಗುವ ಕೋಲಾರದ ರೈತರೊಬ್ಬರು ತಮ್ಮ ತೋಟದಲ್ಲಿ ಅದು ಹೇಗೆ ಕೆಲಸ ಮಾಡಿತೆಂದು ಕನ್ನಡದಲ್ಲೇ ಬರೆದುಕೊಟ್ಟ ಪತ್ರ, ಉಪಕರಣ ಕಂಡಿರದ ವಿದೇಶಿ ಪ್ರಾಧ್ಯಾಪಕರ ಪತ್ರಕ್ಕಿಂತ ಹೆಚ್ಚು ಹೇಳುತ್ತದೆ. ಅಂಥ ಪತ್ರ ತರಲು ಹಿಂಜರಿಯುವುದು ಬೇಡ.

ಅರ್ಜಿ ಮಂಜೂರಾದ ಮೇಲಿನ ದಾರಿಯೂ ಉದ್ದವೇ. 2025ರ ಜನವರಿ 17ರಂದು ವಿಠ್ಠಲ ಮಲ್ಯ ರಸ್ತೆಯ ಹೋಟೆಲೊಂದರಲ್ಲಿ ಅಮೆರಿಕದ ದೂತಾವಾಸ ಕಚೇರಿ ಉದ್ಘಾಟನೆಯಾದಾಗ ವೀಸಾ ಸೇವೆ ಅದರೊಂದಿಗೆ ಶುರುವಾಗಲಿಲ್ಲ. ಕಾಯಂ ವಾಸದ ವೀಸಾ ಸಂದರ್ಶನಕ್ಕೆ ಇಲ್ಲಿಯವರು ಹೋಗಬೇಕಾದದ್ದು ಮುಂಬೈಗೆ.

ಇದೆಲ್ಲದರಿಂದ ಹೊಮ್ಮುವ ಕೋರಿಕೆ ಅಭ್ಯರ್ಥಿಗಳಿಗಿಂತ ಹೆಚ್ಚಾಗಿ ಇತರರಿಗೆ. ಬೆಂಗಳೂರಿನ ಕಂಪನಿಗಳು ರಿಲೀವಿಂಗ್ ಲೆಟರ್ ಜೊತೆಗೆ, ಆ ನೌಕರ ಮಾಡಿದ ಕೆಲಸವನ್ನು ಗುಟ್ಟು ಬಿಡದೆ ವಿವರಿಸುವ ಒಂದು ಪುಟವನ್ನು ಕೊಡುವ ಪದ್ಧತಿ ತರಲಿ. ಅದು ವಿದೇಶಕ್ಕೆ ಹೋಗದವರಿಗೂ ಸಲ್ಲಬೇಕಾದ ಗೌರವ. ಪ್ರಾಧ್ಯಾಪಕರು, ವಿಜ್ಞಾನಿಗಳು, ಹಳೆಯ ಮ್ಯಾನೇಜರುಗಳು ಕೆಲಸ ಗೊತ್ತಿದ್ದರೆ ಒಂದು ಸಂಜೆ ಕುಳಿತು ತಾವೇ ಬರೆಯಲಿ, ಗೊತ್ತಿಲ್ಲದಿದ್ದರೆ ನೇರವಾಗಿ ಆಗುವುದಿಲ್ಲ ಎನ್ನಲಿ. ಪತ್ರ ಬೇಕಾಗಿರುವವರು ಯೋಜನೆ ಮುಗಿದ ವಾರದಲ್ಲೇ ಯಾರು ನೋಡಿದರು, ಯಾರು ಬಳಸಿದರು ಎಂಬುದನ್ನು ದಿನಾಂಕ ಸಮೇತ ಬರೆದಿಟ್ಟುಕೊಳ್ಳಲಿ. ಐದು ವರ್ಷದ ಮೇಲೆ ಪತ್ರ ಬರೆಯಲು ಕೂತ ಹಿರಿಯರಿಗೆ ಬೇಕಾಗುವುದು ಆ ಟಿಪ್ಪಣಿಯೇ.